ಹೆಲ್ಪರಿಗೆ ಕಣ್ಣಿಲ್ಲ

ವೆಲ್ಡರನ ಎಡಗಣ್ಣು ಬೆಳಿಗ್ಗೆ ತಾನಾಗಿ ತೆರೆಯುತ್ತಿರಲಿಲ್ಲ. ಹೆಂಡತಿ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆ ಒರೆಸಿ, ಅಂಟು ಕರಗಿಸಿ, ಬೆರಳಿನಿಂದ ಮೆಲ್ಲಗೆ ಬಿಡಿಸಬೇಕಿತ್ತು. ಅದಕ್ಕೆ ದಿನಾ ಹತ್ತು ನಿಮಿಷ. ತೆರೆದ ಮೇಲೂ ಕಣ್ಣಿನೊಳಗೆ ಒಂದು ಹಿಡಿ ಮರಳು ಕೂತ ಹಾಗಿರುತ್ತಿತ್ತು.

"ಒಂದೇ ಕಣ್ಣಲ್ಲಿ ನೋಡಿದ್ರೂ ನೀನು ಚೆನ್ನಾಗೇ ಕಾಣ್ತೀಯ," ಎನ್ನುತ್ತಿದ್ದ ಅವನು.

"ಎರಡು ಕಣ್ಣಲ್ಲಿ ನೋಡಿ ಕಟ್ಕೊಂಡ್ರಿ. ಈಗ ಒಂದರಲ್ಲಿ ನೋಡಿ ಅಭಿಪ್ರಾಯ ಹೇಳಬೇಡಿ. ಅಲ್ಲಾಡದೆ ಕೂತ್ಕೊಳ್ಳಿ."

ಇಪ್ಪತ್ತೊಂದು ವರ್ಷದಿಂದ ಅವನು ಸೈಲೆನ್ಸರ್ ಪೈಪುಗಳಿಗೆ ವೆಲ್ಡಿಂಗ್ ಹೊಡೆಯುತ್ತಿದ್ದ. ಅದೂ ಸಾಮಾನ್ಯ ಕಾರುಗಳದ್ದಲ್ಲ. ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಓಡುವ, ಇಬ್ಬರೇ ಕೂರುವ, ಬಂದರೆ ಬೀದಿಯೆಲ್ಲ ತಿರುಗಿ ನೋಡುವ ಸ್ಪೋರ್ಟ್ಸ್ ಕಾರುಗಳದ್ದು. ಅವುಗಳ ಪೈಪು ಒಂದೂಕಾಲು ಮಿಲಿಮೀಟರ್ ದಪ್ಪದ ಸ್ಟೀಲು. ಕರೆಂಟು ಸ್ವಲ್ಪ ಹೆಚ್ಚಾದರೆ ತೂತು, ಸ್ವಲ್ಪ ಕಡಿಮೆಯಾದರೆ ಹಿಡಿಯುವುದೇ ಇಲ್ಲ. ಒಂದು ಕೈಯಲ್ಲಿ ಕಿಡಿ ಕಾರುವ ಟಾರ್ಚು, ಇನ್ನೊಂದು ಕೈಯಲ್ಲಿ ಬೆಸುಗೆಯ ತಂತಿ. ಗ್ಯಾರೇಜಿನಲ್ಲಿ ಇದ್ದದ್ದು ಕೈಯಲ್ಲಿ ಹಿಡಿಯುವ ಗಾಜಿನ ಗುರಾಣಿ. ಅದಕ್ಕೆ ಮೂರನೆಯ ಕೈ ಬೇಕು. ತಲೆಗೆ ಹಾಕಿಕೊಳ್ಳುವ ವೆಲ್ಡಿಂಗ್ ಹೆಲ್ಮೆಟ್ ಕೇಳಿದ್ದಕ್ಕೆ ಮಾಲೀಕ "ನೋಡೋಣ" ಎಂದಿದ್ದ. ಆ ನೋಡೋಣಕ್ಕೆ ಮೂರು ವರ್ಷ ತುಂಬಿತ್ತು. ಅಲ್ಲಿಯವರೆಗೆ ವೆಲ್ಡರ್ ಕಿಡಿ ಹೊತ್ತಿಸುವಾಗ ಮುಖ ತಿರುಗಿಸಿ, ಓರೆಗಣ್ಣಿನಲ್ಲಿ ನೋಡಿ ಕೆಲಸ ಮುಗಿಸುತ್ತಿದ್ದ. ಓರೆಯಾಗಿ ನೋಡುತ್ತಿದ್ದದ್ದು ಎಡಗಣ್ಣು.

ಸೋಮವಾರ ಗಂಡ ಹೆಂಡತಿ ಕಾರ್ಮಿಕರ ಆಸ್ಪತ್ರೆಗೆ ಹೋದರು. ಡಾಕ್ಟರು ದೀಪ ಬಿಟ್ಟು ನೋಡಿದರು.

"ಬಿಳಿಗುಡ್ಡೆಯಿಂದ ಮಾಂಸದ ಪೊರೆ ಬೆಳೆದು ಕಪ್ಪುಗುಡ್ಡೆ ಮೇಲೆ ಬಂದಿದೆ. ಪಾಪೆಗೆ ಇನ್ನು ಎರಡು ಮಿಲಿಮೀಟರ್ ಇದೆ. ಈಗ ತೆಗೆದರೆ ಅರ್ಧ ಗಂಟೆ ಕೆಲಸ. ಪಾಪೆ ಮುಚ್ಚಿದ ಮೇಲೆ ಬಂದ್ರೆ ದೃಷ್ಟಿ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ."

ಎರಡು ಮಿಲಿಮೀಟರ್ ಎಂದರೆ ಎಷ್ಟು ಎಂದು ವೆಲ್ಡರನಿಗೆ ಯಾರೂ ವಿವರಿಸಬೇಕಿರಲಿಲ್ಲ. ಅವನು ಬಳಸುವ ತಂತಿ ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದು.

ಆಪರೇಷನ್ನಿಗೆ ಹೆಸರು ಬರೆಸಲು ಹನ್ನೊಂದನೆಯ ಕಿಟಕಿಗೆ ಹೋದರು. ಗುಮಾಸ್ತ ವಿಮೆ ಕಾರ್ಡು ನೋಡಿದ, ಕಾಯಿಲೆಗಳ ಒಂದು ಪಟ್ಟಿ ತೆಗೆದ, ಮತ್ತೆ ಕಾರ್ಡು ನೋಡಿದ.

"ಹುದ್ದೆ ಹೆಲ್ಪರ್ ಅಂತಿದೆ."

"ಅದು ಕಾರ್ಡಲ್ಲಿ ಸಾರ್. ನಾನು ವೆಲ್ಡರ್."

"ಕಾರ್ಡಲ್ಲಿ ಇರೋದೇ ನೀವು. ವೆಲ್ಡಿಂಗಿನಿಂದ ಕಣ್ಣಿಗೆ ಬರೋ ಕಾಯಿಲೆ ವೆಲ್ಡರುಗಳಿಗೆ ಮಾತ್ರ. ಹೆಲ್ಪರಿಗೆ ಬೆನ್ನುನೋವಿದೆ, ಕಾಲು ಉಳುಕಿದೆ, ಮೈಮೇಲೆ ಭಾರ ಬಿದ್ದು ಗಾಯ ಇದೆ." ಅವನು ಪಟ್ಟಿಯ ಮೇಲೆ ಬೆರಳಾಡಿಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡ. "ಹೆಲ್ಪರಿಗೆ ಕಣ್ಣಿಲ್ಲ."

"ಮತ್ತೆ ಕೆಲಸಕ್ಕೆ ಹೆಂಗೆ ಹೋಗ್ತಾರೆ ಸಾರ್, ತಡಕಾಡ್ಕೊಂಡಾ?" ಎಂದಳು ಹೆಂಡತಿ.

ಗುಮಾಸ್ತ ಕೆಟ್ಟವನಲ್ಲ. ಅವನಿಗೂ ಪಟ್ಟಿ ಮೇಲಿನಿಂದ ಬಂದದ್ದು. "ನೋಡಮ್ಮ, ಮಾಲೀಕರಿಂದ ಒಂದು ಪತ್ರ ತನ್ನಿ. ಇವರು ವೆಲ್ಡರ್ ಅಂತ, ಸೀಲು ಹಾಕಿ. ಶನಿವಾರ ಎರಡು ಗಂಟೆಯೊಳಗೆ ಕೊಟ್ರೆ ಮಂಗಳವಾರ ಆಪರೇಷನ್. ತಪ್ಪಿದರೆ ಮುಂದಿನ ಸರದಿ ಏಳು ತಿಂಗಳ ಮೇಲೆ."

ಮಾಲೀಕ ಮೊದಲು ಟೈರು ಮಾರುತ್ತಿದ್ದವನು. ಸ್ಪೋರ್ಟ್ಸ್ ಕಾರಿನವರು ಟೈರಿಗೆ ಚೌಕಾಸಿ ಮಾಡುವುದಿಲ್ಲ ಎಂಬುದನ್ನು ಗಮನಿಸಿ ಗ್ಯಾರೇಜು ತೆರೆದಿದ್ದ. ಅವನ ಕೋಣೆಯ ಗಾಜಿನ ಬಾಗಿಲ ಮುಂದೆ ನಿಂತು ವೆಲ್ಡರ್ ವಿಷಯ ಹೇಳಿದ.

"ಒಂದು ಪದ ಸಾರ್. ವೆಲ್ಡರ್ ಅಂತ."

"ಒಂದು ಪದ ಅಂತೀಯ. ಆ ಪದದ ಹಿಂದೆ ಏನೇನು ಬರುತ್ತೆ ಗೊತ್ತಾ? ಹೆಲ್ಮೆಟ್ ಬರುತ್ತೆ, ಹೊಗೆ ಎಳೆಯೋ ಫ್ಯಾನು ಬರುತ್ತೆ, ಬೇರೆ ಸಂಬಳ ಬರುತ್ತೆ, ವರ್ಷಕ್ಕೊಂದು ಸಲ ಕಣ್ಣು ಪರೀಕ್ಷೆ ಬರುತ್ತೆ."

"ನಾನು ಕಣ್ಣಿನ ವಿಷಯಕ್ಕೇ ಬಂದಿದ್ದು ಸಾರ್."

"ನೋಡಿದ್ಯಾ, ಪದ ಇನ್ನೂ ಬರೆದಿಲ್ಲ, ಆಗಲೇ ಬಂತು." ಮಾಲೀಕ ದನಿ ತಗ್ಗಿಸಿದ. "ಇಪ್ಪತ್ತೊಂದು ವರ್ಷದಿಂದ ನೀನು ನಮ್ಮನೆಯವನ ಹಾಗಿದ್ದೀಯಪ್ಪ. ಮನೆಯವರಿಗೆ ಯಾರಾದ್ರೂ ಹುದ್ದೆ ಬರೀತಾರಾ?"

ಸಂಜೆ ಈ ಮಾತು ಕೇಳಿ ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. "ಮನೆಯವರಾದ್ರೆ ಒಂದು ರೂಮು ಬರೆದುಕೊಡ್ಲಿ. ಬಿಸಿಲು ಬರೋದು ಕೊಡ್ಲಿ."

ಬುಧವಾರ ಆಸ್ಪತ್ರೆಯಿಂದ ಗ್ಯಾರೇಜಿಗೆ ಒಂದು ಕಾಗದ ಬಂತು. ನಿಯಮದ ಪ್ರಕಾರ ಗುಮಾಸ್ತ ಕಳುಹಿಸಬೇಕಾದದ್ದು. ನಿಮ್ಮ ಹೆಲ್ಪರ್ ವೆಲ್ಡಿಂಗ್ ಮಾಡುತ್ತಾರೆಯೇ, ಹೌದಾದರೆ ಯಾವಾಗಿನಿಂದ ಎಂಬ ಎರಡು ಪ್ರಶ್ನೆ. ಮಾಲೀಕ ಬೆವತ. ಕಾಗದದ ಹಿಂದೆಯೇ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾನೆಂದು ಲೆಕ್ಕ ಹಾಕಿದ. ಗುರುವಾರ ಬೆಳಿಗ್ಗೆ ಟೈಪು ಮಾಡಿಸಿದ ನೋಟಿಸೊಂದನ್ನು ತಾನೇ ಕುರ್ಚಿ ಹತ್ತಿ ಗೋಡೆಗೆ ಅಂಟಿಸಿದ.

"ಈ ಗ್ಯಾರೇಜಿನ ಸಿಬ್ಬಂದಿ: ಹೆಲ್ಪರ್ ಇಬ್ಬರು, ವಾಚ್‌ಮನ್ ಒಬ್ಬರು, ಸ್ವೀಪರ್ ಒಬ್ಬರು. ಪ್ರತಿಯೊಬ್ಬರೂ ತಮ್ಮ ಹುದ್ದೆಯ ಕೆಲಸವನ್ನು ಮಾತ್ರ ಮಾಡತಕ್ಕದ್ದು. ಮೀರಿದವರನ್ನು ಕೆಲಸದಿಂದ ತೆಗೆದುಹಾಕಲಾಗುವುದು."

ಕೆಳಗೆ ಸಹಿ, ಸೀಲು.

"ಇದು ಗೋಡೆಗೆ," ಎಂದ ಮಾಲೀಕ ಕುರ್ಚಿಯಿಂದ ಇಳಿಯುತ್ತ. "ನಿಮಗಲ್ಲ. ನೀವು ಯಾವತ್ತಿನ ಹಾಗೆ ಕೆಲಸ ಮಾಡಿ."

ಟೀ ಹೊತ್ತಿನಲ್ಲಿ ನಾಲ್ವರೂ ನೋಟಿಸಿನ ಮುಂದೆ ನಿಂತರು. ಅಲ್ಲಿಯವರೆಗೆ ಯಾರೂ ತಮ್ಮ ಹುದ್ದೆ ಬರೆದಿರುವ ಹಾಜರಿ ಪುಸ್ತಕ ನೋಡಿರಲಿಲ್ಲ. ಅದು ಮಾಲೀಕನ ಡ್ರಾಯರಿನಲ್ಲಿರುತ್ತಿತ್ತು, ಡ್ರಾಯರಿಗೆ ಬೀಗವಿರುತ್ತಿತ್ತು.

"ಹೆಲ್ಪರ್ ಇಬ್ಬರು. ಒಬ್ಬ ನೀನು," ಎಂದು ಫಿಟ್ಟರ್ ವೆಲ್ಡರನಿಗೆ ಹೇಳಿದ. ಇಂಜಿನ್ ಇಳಿಸಿ ಏರಿಸುವ ಈ ಫಿಟ್ಟರನ್ನು ಎಲ್ಲರೂ ಪಾನಾ ಎನ್ನುತ್ತಿದ್ದರು. ಅವನ ಜೇಬಿನಲ್ಲಿ ಯಾವಾಗಲೂ ಬೋಲ್ಟು ಬಿಚ್ಚುವ ಒಂದು ಪಾನಾ ಇರುತ್ತಿತ್ತು, ಮದುವೆಮನೆಗೆ ಹೋದಾಗಲೂ. "ಇನ್ನೊಬ್ಬ ಯಾರು?"

"ಕನ್ನಡಿ ನೋಡ್ಕೋ," ಎಂದ ಎಲೆಕ್ಟ್ರಿಷಿಯನ್. ಅವನಿಗೆ ಕರೆಂಟ್ ಎಂದು ಹೆಸರು.

"ನೀನು ನಗಬೇಡ. ವಾಚ್‌ಮನ್ ಅಂತ ಒಬ್ಬನಿದ್ದಾನೆ, ನಮ್ಮಲ್ಲಿ ಯಾರೂ ವಾಚ್ ಕೂಡ ಕಟ್ಟಲ್ಲ. ನಾನು, ವೆಲ್ಡರಣ್ಣ ಹೆಲ್ಪರಾದ್ರೆ ಉಳಿದೋನು ನೀನೇ."

ಕರೆಂಟ್ ನಗು ನಿಲ್ಲಿಸಿ ಮತ್ತೆ ಓದಿದ. ಕಾರಿನ ಕಂಪ್ಯೂಟರ್ ಬಿಚ್ಚಿ ಜೋಡಿಸಲು ಅವನು ಎರಡು ವರ್ಷ ಕೋರ್ಸು ಮಾಡಿದ್ದ.

ನಾಲ್ಕನೆಯವಳು ಸೀಟಕ್ಕ. ಹರಿದ ಚರ್ಮದ ಸೀಟನ್ನು ಹೊಲಿಗೆ ಕಾಣದ ಹಾಗೆ ಹೊಲಿಯುವವಳು. ಅವಳು ಟೀ ಲೋಟ ಕೆಳಗಿಟ್ಟಳು. "ಗುಡಿಸೋಳು ಅಂತ ಬರೆದಿದ್ದಾನಾ ನನ್ನ?"

"ಬೇಜಾರು ಮಾಡ್ಕೋಬೇಡಕ್ಕ."

"ಗುಡಿಸೋದಕ್ಕೆ ಬೇಜಾರಿಲ್ಲ ಕಣೋ. ಬರೀ ಗುಡಿಸಿದ್ದಿದ್ರೆ ಬೆರಳಾದ್ರೂ ಬಾಗ್ತಿತ್ತು. ಹದಿನಾಲ್ಕು ವರ್ಷ ಸೂಜಿ ಹಿಡಿದು ಈ ಎರಡು ಬೆರಳು ಮಡಚೋಕಾಗಲ್ಲ. ನಾಳೆ ನಾನು ಆಸ್ಪತ್ರೆಗೆ ಹೋದ್ರೆ ಸ್ವೀಪರಿಗೆ ಬೆರಳಿಲ್ಲ ಅಂತಾನೆ ಆ ಹನ್ನೊಂದನೇ ಕಿಟಕಿಯೋನು."

ಲೆಕ್ಕ ಸರಳವಾಗಿತ್ತು. ದಾಖಲೆಯ ಪ್ರಕಾರ ಆ ಗ್ಯಾರೇಜಿನಲ್ಲಿ ಕಾರು ರಿಪೇರಿ ಮಾಡಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಹೋದ ವರ್ಷ ಅಲ್ಲಿಂದ ನೂರಾ ಎಂಬತ್ತಾರು ಕಾರು ರಿಪೇರಿಯಾಗಿ ಹೋಗಿದ್ದವು.

"ಮೀರಿದವರನ್ನ ಕೆಲಸದಿಂದ ತೆಗೀತಾರಂತೆ," ಎಂದ ವೆಲ್ಡರ್ ನಿಧಾನವಾಗಿ. "ಸೀಲು ಬೇರೆ ಇದೆ. ನನಗ್ಯಾಕೋ ಹೆದರಿಕೆ ಆಗ್ತಿದೆ."

"ನನಗೂ ಭಾರಿ ಹೆದರಿಕೆ," ಎಂದ ಪಾನಾ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ.

ಶನಿವಾರ ಹತ್ತೂ ಇಪ್ಪತ್ತಕ್ಕೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಇನ್ನೊಂದು ಗಾಡಿಯ ಬೆನ್ನೇರಿ ಬಂತು. ಹೊಟ್ಟೆಯ ಕೆಳಗೆ ಸೈಲೆನ್ಸರ್ ಪೈಪು ಬಿರುಕು ಬಿಟ್ಟು ಜೋತಾಡುತ್ತಿತ್ತು. ಕಾರಿನ ಒಡೆಯ ರಸ್ತೆ ಗುತ್ತಿಗೆದಾರ. ಕಾರು ಬಡಿದದ್ದು ಅವನ ಕಂಪನಿಯೇ ಹೋದ ತಿಂಗಳು ಹಾಕಿದ ರಸ್ತೆಯ ಉಬ್ಬಿಗೆ. ನಕ್ಷೆಯಲ್ಲಿ ಅದರ ಎತ್ತರ ಹತ್ತು ಸೆಂಟಿಮೀಟರ್. ರಸ್ತೆಯಲ್ಲಿ ಇಪ್ಪತ್ತು.

"ಐದು ಗಂಟೆಗೆ ಕ್ಲಬ್ಬಿನ ಮೆರವಣಿಗೆ. ಮೂವತ್ತು ಕಾರು. ಎಲ್ಲಕ್ಕೂ ಮುಂದೆ ನನ್ನದು," ಎಂದ ಗುತ್ತಿಗೆದಾರ. "ಹೊಸ ಪೈಪೇ ಹಾಕಿಬಿಡಿ."

"ಹೊಸದು ಹಡಗಲ್ಲಿ ಬರಬೇಕು ಸಾರ್, ಹನ್ನೊಂದು ವಾರ. ವೆಲ್ಡಿಂಗ್ ಮಾಡಿಸಿಕೊಡ್ತೀನಿ. ಮೂರು ಗಂಟೆ ಕೆಲಸ," ಎಂದ ಮಾಲೀಕ. ತಿರುಗಿ ಕೂಗಿದ. "ಬನ್ರಪ್ಪ."

ಬಂದರು. ವೆಲ್ಡರ್ ಮತ್ತು ಪಾನಾ ಅವನ ಹಿಂದೆ, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಕೈಕಟ್ಟಿ ನಿಂತರು.

"ಏನು ನಿಂತಿದ್ದೀರಿ?"

"ಹೆಲ್ಪ್ ಮಾಡೋಕೆ ಸಾರ್. ಯಾರಿಗೆ ಮಾಡೋಣ?"

"ಯಾರಿಗೆ ಅಂದ್ರೆ? ಕೆಲಸ ಮಾಡೋರಿಗೆ."

ಪಾನಾ ಸುತ್ತ ನೋಡಿದ. "ಯಾರೂ ಕಾಣಿಸ್ತಿಲ್ಲ ಸಾರ್. ಬಂದ ತಕ್ಷಣ ಹೇಳಿ, ಓಡಿ ಬರ್ತೀವಿ."

ಮಾಲೀಕ ಎಲೆಕ್ಟ್ರಿಷಿಯನ್ನನ್ನು ಹುಡುಕಿಕೊಂಡು ಹೋದ. ಅವನು ಗೇಟಿನಲ್ಲಿ ಒಂದು ನೋಟುಪುಸ್ತಕ ಹಿಡಿದು ಗುತ್ತಿಗೆದಾರನ ಡ್ರೈವರನ್ನು ವಿಚಾರಿಸುತ್ತಿದ್ದ. ಮಾಲೀಕ ಗೇಟಿನಾಚೆ ಒಂದು ಹೆಜ್ಜೆ ಇಟ್ಟು ಅವನ ತೋಳು ಹಿಡಿದೆಳೆದಾಗ ಕರೆಂಟ್ ವಿನಯದಿಂದ ಹೇಳಿದ, "ಒಳಗೆ ಬರೋದಾದ್ರೆ ಹೆಸರು ಬರೀಬೇಕು ಸಾರ್. ಯಾರನ್ನ ನೋಡೋಕೆ ಬಂದ್ರಿ?"

ಒಳಗೆ ಸೀಟಕ್ಕ ಗುಡಿಸುತ್ತಿದ್ದಳು. ಹದಿನಾಲ್ಕು ವರ್ಷದ ಬಾಕಿಯನ್ನು ಒಂದೇ ದಿನ ತೀರಿಸುವವಳ ಹಾಗೆ ಗುಡಿಸುತ್ತಿದ್ದಳು. ಧೂಳು ಮೋಡವಾಗಿ ಎದ್ದು ಗುತ್ತಿಗೆದಾರನ ಬಿಳಿ ಷೂಗಳ ಮೇಲೆ ಕೂತಿತು.

"ಏನಮ್ಮ ಇದು, ನಿಲ್ಲಿಸು."

"ಹೆಂಗೆ ನಿಲ್ಲಿಸ್ಲಿ ಸಾರ್? ನಿಲ್ಲಿಸಿದ್ರೆ ತೆಗೆದುಹಾಕ್ತೀರ. ಕಾಲೆತ್ತಿ."

ಮಾಲೀಕ ಎಲ್ಲರನ್ನೂ ಒಂದೆಡೆ ಕರೆದು ಹಲ್ಲುಕಚ್ಚಿ ಹೇಳಿದ. "ಅದು ಇನ್‌ಸ್ಪೆಕ್ಟರಿಗೆ ಹಾಕಿದ್ದು, ನಿಮಗಲ್ಲ ಅಂತ ಹೇಳಿಲ್ವಾ?"

"ಅವರೇನು ಇಲ್ಲಿ ಕೆಲಸ ಮಾಡ್ತಾರಾ ಸಾರ್?" ಎಂದ ವೆಲ್ಡರ್. "ನಮಗೆ ಪತ್ರ ಕೊಟ್ರೆ ಇದು ಇಲ್ಲಿಗೇ ಮುಗಿಯುತ್ತೆ. ಎರಡು ಗಂಟೆಗೆ ಕಿಟಕಿ ಮುಚ್ತಾರೆ."

"ಬೆದರಿಸ್ತೀಯಾ ನನ್ನ? ನಾನೇ ಮಾಡ್ತೀನಿ."

ಮಾಡಿದ. ಇದನ್ನು ನಾಲ್ವರೂ ನಿರೀಕ್ಷಿಸಿರಲಿಲ್ಲ. ಲಿಫ್ಟಿನ ಗುಂಡಿ ಒತ್ತಿ ಕಾರನ್ನು ಮೇಲೆತ್ತಿದ, ಕೆಳಗೆ ನುಗ್ಗಿದ. ಇಬ್ಬರು ಹೆಲ್ಪರುಗಳು ಬಹಳ ಶ್ರದ್ಧೆಯಿಂದ ಹೆಲ್ಪ್ ಮಾಡಿದರು. ಕೇಳಿದ್ದನ್ನು ಕೇಳಿದ ಕೂಡಲೇ ಕೊಟ್ಟರು. ಕೇಳದ್ದನ್ನು ಕೊಡಲಿಲ್ಲ.

"ಎಷ್ಟಕ್ಕೆ ಇಡಬೇಕು ಇದನ್ನ?"

"ಅದು ವೆಲ್ಡರುಗಳಿಗೆ ಗೊತ್ತಿರುತ್ತೆ ಸಾರ್."

ನಲವತ್ತು ಆಂಪಿಯರಿಗೆ ಇಡಬೇಕಾದ ಯಂತ್ರವನ್ನು ಮಾಲೀಕ ನೂರಿಪ್ಪತ್ತಕ್ಕೆ ಇಟ್ಟ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಂತಿ ಹಿಡಿದ. ಆಮೇಲೆ ಗುರಾಣಿಗಾಗಿ ನೋಡಿದ. ಅದಕ್ಕೆ ಕೈ ಉಳಿದಿರಲಿಲ್ಲ.

"ಸಾರ್, ಮುಖ ತಿರುಗಿಸಿ," ಎಂದ ವೆಲ್ಡರ್. ಅದನ್ನು ಹೇಳದೆ ಇರಲು ಅವನಿಂದಾಗಲಿಲ್ಲ. ಹೇಳುವಷ್ಟರಲ್ಲಿ ಫಟ್ಟೆಂದಿತು.

ಹೊಗೆ ಕಡಿಮೆಯಾದ ಮೇಲೆ ನೋಡಿದರೆ ಮೊದಲು ಒಂದು ಬಿರುಕು ಇದ್ದ ಪೈಪಿನಲ್ಲಿ ಈಗ ಒಂದು ಬಿರುಕು, ಎರಡು ತೂತು ಇದ್ದವು. ಮಾಲೀಕ ಎರಡೂ ಕಣ್ಣು ಮುಚ್ಚಿಕೊಂಡು ಕಂಬ ಹಿಡಿದು ನಿಂತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಾರನ್ನು ಕೆಳಗಿಳಿಸಿ ಕೀಲಿ ತಿರುಗಿಸಿದಾಗ ಮುಂದಿನ ಫಲಕದಲ್ಲಿ ಇದ್ದಬದ್ದ ಎಚ್ಚರಿಕೆ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಕಾರಿಗೆ ವೆಲ್ಡಿಂಗ್ ಹೊಡೆಯುವ ಮೊದಲು ಬ್ಯಾಟರಿ ಬಿಚ್ಚಬೇಕೆಂದು ಟೈರಿನಂಗಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಗುತ್ತಿಗೆದಾರ ಎದ್ದು ಬಂದ. ಗಡಿಯಾರ ಹನ್ನೆರಡೂ ಮುಕ್ಕಾಲು ತೋರಿಸುತ್ತಿತ್ತು.

"ಹೋದ ಸಲ ಈ ಕಾರಿಗೆ ವೆಲ್ಡಿಂಗ್ ಹೊಡೆದದ್ದು ಯಾರು?"

ಪಾನಾ ವೆಲ್ಡರನನ್ನು ತೋರಿಸಿದ. ಗುತ್ತಿಗೆದಾರ ಅವನನ್ನು ನೋಡಿದ, ಗೋಡೆಯ ನೋಟಿಸನ್ನು ಓದಿದ, ಮಾಲೀಕನ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ದೂರ ಹೋಗಲಿಲ್ಲ. ಕೆಲಸದವರಿಗೆ ಕಿವಿಯಿದೆ ಎಂಬುದು ಇಂಥವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

"ನನ್ನ ಕಂಪನಿಯಲ್ಲೂ ಎಲ್ಲರೂ ಹೆಲ್ಪರುಗಳೇ ಕಣ್ರೀ. ಮುನ್ನೂರ ಹನ್ನೆರಡು ಜನ. ರೋಲರ್ ಓಡಿಸೋನೂ ಹೆಲ್ಪರು, ಡಾಂಬರು ಕಾಯಿಸೋನೂ ಹೆಲ್ಪರು. ಆದರೆ ಅದನ್ನ ಟೈಪು ಮಾಡಿಸಿ ಗೋಡೆಗೆ ಅಂಟಿಸೋಷ್ಟು ದಡ್ಡ ನಾನಲ್ಲ. ಬರೆದುಕೊಡಿ ಈಗ. ಸೋಮವಾರ ಹೊಡೆದುಹಾಕಿದ್ರಾಯ್ತು."

ಮಾಲೀಕ ಕಣ್ಣು ಒರೆಸಿಕೊಂಡು ಡ್ರಾಯರಿನ ಬೀಗ ತೆಗೆದ. ಪುಸ್ತಕದಲ್ಲಿ "ಹೆಲ್ಪರ್" ಹೊಡೆದು "ವೆಲ್ಡರ್" ಎಂದು ಬರೆದ. ಪತ್ರವನ್ನೂ ಬರೆದು ಸಹಿ ಹಾಕಿದ, ಸೀಲು ಒತ್ತಿದ. "ತಗೋ. ಸೋಮವಾರ ನಿಧಾನವಾಗಿ ಕೊಟ್ಟರಾಯ್ತು ಆಸ್ಪತ್ರೆಗೆ."

"ಅತ್ತಿಗೆ ಈಗಲೇ ಕೊಡ್ತಾರೆ ಸಾರ್," ಎಂದು ಪಾನಾ ಗೇಟಿನಾಚೆ ಕೈ ತೋರಿಸಿದ.

ವೆಲ್ಡರನ ಹೆಂಡತಿ ಬೆಳಿಗ್ಗೆ ಒಂಬತ್ತರಿಂದ ಎದುರಿನ ಅಂಗಡಿ ಕಟ್ಟೆಯ ಮೇಲೆ ಕೂತಿದ್ದಳು. ಪತ್ರ ತೆಗೆದುಕೊಂಡು ಎರಡು ಸಲ ಓದಿದಳು, ಸೀಲಿನ ಮೇಲೆ ಊದಿ ಒಣಗಿಸಿದಳು. ಇಸವಿ ಬಿಟ್ಟುಹೋಗಿದ್ದನ್ನು ಹಿಡಿದು ಅದನ್ನೂ ಬರೆಸಿದಳು.

"ಮೂರು ಮೈಲಿ ಇದೆ. ಬಸ್ಸು ಸಿಗುತ್ತೋ ಇಲ್ವೋ," ಎಂದ ವೆಲ್ಡರ್.

"ಓಡ್ತೀನಿ. ನೀವು ಅಷ್ಟರಲ್ಲಿ ಬರೆದದ್ದು ಅಳಿಸೋಕೆ ಬಿಡಬೇಡಿ, ಪುಸ್ತಕದ ಮೇಲೆ ಕಣ್ಣಿಡಿ. ಒಳ್ಳೇ ಕಣ್ಣು ಇಡಿ."

ಅವಳು ಹೋದಳು. ಒಂದೂ ಐದು.

"ಆಯ್ತಲ್ಲ, ಶುರು ಮಾಡು," ಎಂದ ಮಾಲೀಕ.

ವೆಲ್ಡರ್ ಕಾರಿನ ಕೆಳಗೆ ಬಗ್ಗಿ ನೋಡಿ ಎದ್ದ. "ಈ ತೂತುಗಳನ್ನ ಕಾರಿನಲ್ಲೇ ಇಟ್ಟು ಮುಚ್ಚೋಕಾಗಲ್ಲ ಸಾರ್. ಪೈಪು ಕೆಳಗಿಳಿಸಬೇಕು. ಅದು ಫಿಟ್ಟರ್ ಕೆಲಸ. ನಾನು ವೆಲ್ಡರ್. ಮೀರಿದ್ರೆ ತೆಗೆದುಹಾಕ್ತೀರ."

ಪಾನಾ ಜೇಬಿನಿಂದ ಪಾನಾ ತೆಗೆದು ಅದನ್ನೇ ಮೊದಲ ಸಲ ಕಂಡವನ ಹಾಗೆ ತಿರುಗಿಸಿ ನೋಡಿದ. "ಇದನ್ನ ಯಾವ ಕಡೆಯಿಂದ ಹಿಡೀತಾರೆ ಸಾರ್?"

ಮಾಲೀಕ ಪುಸ್ತಕದ ಮುಂದೆ ಕೂತ. ಎರಡನೆಯ ಹೆಲ್ಪರ್ ಎಂಬ ಪದವನ್ನೂ ಹೊಡೆದು ಫಿಟ್ಟರ್ ಎಂದು ಬರೆದ, ಅದಕ್ಕೂ ಒಂದು ಪತ್ರ ಕೊಟ್ಟ. ಪಾನಾ ತನ್ನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಷೂವಿನೊಳಗೆ ಇಟ್ಟುಕೊಂಡು ಕೆಳಗೆ ನುಗ್ಗಿದ. ನಾಲ್ಕು ಬೋಲ್ಟಿನಲ್ಲಿ ಮೂರು ಸಡಿಲವಾದ ಮೇಲೆ ತಲೆ ಹೊರಹಾಕಿದ.

"ಪೈಪಿಗೆ ಒಂದು ಸೆನ್ಸರ್ ವೈರು ಇದೆ. ಬ್ಯಾಟರಿ ಬಿಚ್ಚದೆ ಅದನ್ನ ಮುಟ್ಟೋ ಹಾಗಿಲ್ಲ. ಆ ದೀಪಗಳನ್ನ ಆರಿಸೋಕೂ ಎಲೆಕ್ಟ್ರಿಷಿಯನ್ ಬೇಕು."

"ವಾಚ್‌ಮನ್," ಎಂದು ಗುತ್ತಿಗೆದಾರನೇ ಗೇಟಿನತ್ತ ಕೂಗಿದ. ಈಗ ಅವನಿಗೂ ಕ್ರಮ ಅರ್ಥವಾಗಿತ್ತು. "ಬಾರಪ್ಪ, ನಿನ್ನದೂ ಬರೆಸ್ಕೋ."

ಆ ಕಾರಿನಲ್ಲಿ ಬ್ಯಾಟರಿ ಇರುವುದು ಸೀಟಿನ ಹಿಂದೆ, ಚರ್ಮದ ಹೊದಿಕೆಯೊಳಗೆ. ಹೊಲಿಗೆ ಬಿಚ್ಚದೆ ಕೈ ತೂರುವುದಿಲ್ಲ. ಬಿಚ್ಚಿದರೆ ಮತ್ತೆ ಹೊಲಿಯಬೇಕು. ಮಾಲೀಕ ತಾನಾಗಿಯೇ ಪೆನ್ನು ತೆಗೆದು ಸೀಟಕ್ಕನ ಕಡೆ ನೋಡಿದ.

"ಏನಂತ ಬರೀಲಿ?"

"ಸೀಟು ಹೊಲಿಯೋರು ಅಂತ. 'ಹೊಲಿಯೋಳು' ಅಂತ ಬರೆದ್ರೆ ತಿದ್ದಿಸ್ತೀನಿ."

ಎರಡೂ ಹತ್ತಕ್ಕೆ ಎದುರಿನ ಅಂಗಡಿಗೆ ಫೋನು ಬಂತು. ಅಂಗಡಿಯವನು ಅಲ್ಲಿಂದಲೇ ಕೂಗಿ ಹೇಳಿದ. "ವೆಲ್ಡರೇ, ಒಂದೂ ಐವತ್ತೆರಡಕ್ಕೆ ಕೊಟ್ರಂತೆ. ಮಂಗಳವಾರ ಎಂಟೂವರೆಗೆ ಬರಬೇಕಂತೆ. ರಾತ್ರಿ ಏನೂ ತಿನ್ನಬಾರದಂತೆ. ಅತ್ತಿಗೆ ಚಪ್ಪಲಿ ಕಿತ್ತುಹೋಯ್ತಂತೆ."

ವೆಲ್ಡರ್ ತಲೆಯಾಡಿಸಿದ. ಸ್ವಲ್ಪ ಹೊತ್ತು ಗೋಡೆ ಕಡೆ ತಿರುಗಿ ನಿಂತ. ಆಮೇಲೆ ಯಂತ್ರವನ್ನು ನಲವತ್ತಕ್ಕೆ ಇಳಿಸಿ ಮಾಲೀಕನನ್ನು ಕೇಳಿದ.

"ವೆಲ್ಡರಿಗೆ ಹೆಲ್ಮೆಟ್ ಕೊಡ್ತಾರಲ್ಲ ಸಾರ್?"

"ನೋಡೋಣ" ಎಂಬ ಮಾತು ಮಾಲೀಕನ ಬಾಯಿವರೆಗೆ ಬಂತು. ಗುತ್ತಿಗೆದಾರ ಗಡಿಯಾರ ನೋಡಿ ತನ್ನ ಡ್ರೈವರನ್ನು ಹಾರ್ಡ್‌ವೇರ್ ಅಂಗಡಿಗೆ ಓಡಿಸಿದ. ಮೂರು ವರ್ಷದಿಂದ ಬಾರದ ಹೆಲ್ಮೆಟ್ ಇಪ್ಪತ್ತೆರಡು ನಿಮಿಷದಲ್ಲಿ ಬಂತು.

ಪೈಪು ಮೇಜಿನ ಮೇಲಿತ್ತು. ತೂತುಗಳ ಸುತ್ತ ಉಜ್ಜಿ ಹೊಳೆಯಿಸಿದ್ದಾಗಿತ್ತು. ವೆಲ್ಡರ್ ಹೆಲ್ಮೆಟ್ ತಲೆಗೇರಿಸಿ ಸುತ್ತ ನೋಡಿದ. ಪೈಪನ್ನು ತಿರುಗಿಸಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಪಾನಾ ಬೋಲ್ಟುಗಳಿಗೆ ಎಣ್ಣೆ ಹಚ್ಚುತ್ತಿದ್ದ. ಕರೆಂಟ್ ಫಲಕದ ಮುಂದೆ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದ. ಸೀಟಕ್ಕನ ಸೂಜಿ ಚರ್ಮದೊಳಗಿತ್ತು. ಪುಸ್ತಕದಲ್ಲಿ ಈಗ ಹೆಲ್ಪರ್ ಎಂಬ ಹುದ್ದೆಯಲ್ಲಿ ಯಾರೂ ಇರಲಿಲ್ಲ.

ಮಾಲೀಕ ಕೆಂಪಗಾದ ಕಣ್ಣು ಉಜ್ಜುತ್ತ ಬಂದು ಪೈಪಿನ ತುದಿ ಹಿಡಿದ.

"ಅಲ್ಲಲ್ಲ ಸಾರ್, ಗ್ಲೌಸ್ ಹಾಕ್ಕೊಳ್ಳಿ. ಸ್ವಲ್ಪ ಮೇಲೆ. ಹಾಂ. ಈಗ ಆ ಕಡೆ ತಿರುಗಿ, ನಾನು ಹೇಳೋವರೆಗೂ ನೋಡಬೇಡಿ."

ಗೋಡೆಯ ಬಳಿ ಗುತ್ತಿಗೆದಾರನ ಡ್ರೈವರು ನಿಂತಿದ್ದ. ಅವನು ನೋಟಿಸನ್ನು ಮೂರನೆಯ ಸಲ ಓದಿ ಮುಗಿಸಿದ್ದ. ಉಗುರಿನಿಂದ ಒಂದು ಮೂಲೆ ಎಬ್ಬಿಸಿದ, ಹರಿಯದ ಹಾಗೆ ಉಳಿದ ಮೂರನ್ನೂ ಬಿಡಿಸಿದ.

"ಇದು ನಿಮಗಿನ್ನು ಬೇಕಾಗಲ್ವಲ್ಲ?" ಎಂದು ಕರೆಂಟನ್ನು ಕೇಳಿದ.

"ಬೇಡ. ಯಾಕೆ, ನೀನೂ ಹೆಲ್ಪರಾ?"

"ಹತ್ತು ವರ್ಷದಿಂದ. ಲೈಸೆನ್ಸ್ ಇದೆ, ಸ್ಟೀರಿಂಗ್ ಇದೆ. ಪುಸ್ತಕದಲ್ಲಿ ಹೆಲ್ಪರು."

ಅಷ್ಟರಲ್ಲಿ ಗುತ್ತಿಗೆದಾರ ಈ ಕಡೆ ತಿರುಗಿದ. "ಏನಯ್ಯ ಅದು, ಜೇಬಿಗೆ ಹಾಕ್ಕೊಂಡದ್ದು?"

"ಏನಿಲ್ಲ ಸಾರ್," ಎಂದ ಡ್ರೈವರು, ಜೇಬಿನ ಗುಂಡಿ ಹಾಕುತ್ತ. "ಸೋಮವಾರ ನಮ್ಮವರಿಗೆ ಓದಿ ಹೇಳೋಣ ಅಂತ."